ಮೂರು ಗಂಟಿನ ಕಪ್ಪು ನೂಲು

1955ರಲ್ಲಿ ನಾನು ಬೆಳ್ತಂಗಡಿ ಕಡೆಯ ಒಂದು ಹಳ್ಳಿಯ ಸರಕಾರಿ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು, ಅವರ ಕಡೆಯವರು ಇನ್ನೂ ಇದ್ದಾರೆ. ನನ್ನ ಊರು ಮೂಡಬಿದ್ರೆ ಹತ್ತಿರದ ಪುತ್ತಿಗೆ. ಆಗ ನನಗೆ ಇಪ್ಪತ್ತೇಳು ವರ್ಷ, ಮದುವೆಯಾಗಿ ಒಂದು ವರ್ಷ, ಕೆಲಸ ಖಾಯಂ ಆಗಿ ಆರು ತಿಂಗಳು. ಕಂಪೌಂಡರ್ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಾರದು. ಡಾಕ್ಟರು ಚೀಟಿ ಬರೆಯುತ್ತಾರೆ, ಅದನ್ನು ನೋಡಿ ಔನ್ಸ್ ಗ್ಲಾಸಿನಲ್ಲಿ ಅಳೆದು, ಬೆರೆಸಿ, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಕೊಡುವವನು ಕಂಪೌಂಡರ್. ಇಂದಿನ ಹಾಗೆ ಸಿದ್ಧವಾದ ಗುಳಿಗೆಯ ಹಾಳೆಗಳು ಆಗ ಹಳ್ಳಿಗೆ ಬರುತ್ತಿರಲಿಲ್ಲ. ಮದ್ದು ಎಂದರೆ ನೀರುಮದ್ದು.

ನನ್ನ ಕೈಯಿಂದ ದಿನವೂ ಅತಿ ಹೆಚ್ಚು ಸಲ ಬರೆಯಿಸಿಕೊಂಡ ಇಂಗ್ಲಿಷ್ ಶಬ್ದಗಳು ಎರಡು. ಒಂದು ಮಿಕ್ಸ್ಚರ್, ಇನ್ನೊಂದು ಲಿನಿಮೆಂಟ್. ಈ ಎರಡು ಶಬ್ದಗಳಿಗೆ ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಮಿಕ್ಸ್ಚರ್ ಎಂದರೆ ಬೆರೆಸಿದ್ದು. ಹೋಟೆಲಿನ ಖಾರದ ತಿಂಡಿಗೂ ಅದೇ ಹೆಸರು, ಕೆಮ್ಮಿನ ಮದ್ದಿಗೂ ಅದೇ ಹೆಸರು. ಎರಡೂ ಹೊಟ್ಟೆಗೆ ಹೋಗುವಂಥವು. ಲಿನಿಮೆಂಟ್ ಎಂದರೆ ಹಚ್ಚಿ ಉಜ್ಜುವಂಥದ್ದು, ಲ್ಯಾಟಿನ್ನಿನಿಂದ ಬಂದದ್ದು ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ಅದು ಚರ್ಮ ದಾಟಿ ಒಳಗೆ ಹೋಗಬಾರದು. ನಾವು ಹೆಚ್ಚಾಗಿ ಕೊಡುತ್ತಿದ್ದುದು ಎ.ಬಿ.ಸಿ. ಲಿನಿಮೆಂಟ್. ಮೂರು ಅಕ್ಷರ ಮೂರು ಮದ್ದಿನದ್ದು, ಮೊದಲಿನದ್ದು ವತ್ಸನಾಭಿ ಎಂಬ ವಿಷದ ಬೇರು. ಅದೇನೆಂದು ನಮ್ಮ ಹಳ್ಳಿಯ ನಾಟಿ ವೈದ್ಯನಿಗೂ ಗೊತ್ತು. ಬೆನ್ನುನೋವಿಗೆ ಅದು ಬಹಳ ಒಳ್ಳೆಯದು. ಒಂದು ಬಾಯಿ ಕುಡಿದರೆ ಮನುಷ್ಯ ಉಳಿಯುವುದಿಲ್ಲ.

ಇಷ್ಟು ಅಪಾಯದ ವಸ್ತುವನ್ನು ಕೊಡುವುದಕ್ಕೆ ನಿಯಮ ಇರಲಿಲ್ಲವೇ? ಇತ್ತು ಸ್ವಾಮಿ, ಬೇಕಾದಷ್ಟು ಇತ್ತು. ಹಚ್ಚುವ ಮದ್ದನ್ನು ಮೈಯೆಲ್ಲ ಗೀರು ಇರುವ ಹಸಿರು ಬಾಟಲಿಯಲ್ಲೇ ಕೊಡಬೇಕು, ಕತ್ತಲಲ್ಲಿ ಕೈ ಇಟ್ಟರೂ ಗೊತ್ತಾಗಬೇಕು. ಅದರ ಮೇಲೆ ವಿಷ ಎಂದು ಅಚ್ಚು ಹಾಕಿದ ಕೆಂಪು ಚೀಟಿ ಅಂಟಿಸಬೇಕು. ಬಾಟಲಿಯೂ ಚೀಟಿಯೂ ಮಂಗಳೂರಿನ ಉಗ್ರಾಣದಿಂದ ಬರಬೇಕು. ಬೇಕೆಂದು ಬರೆದು ಕಳಿಸುವ ಪತ್ರಕ್ಕೆ ಇಂಡೆಂಟ್ ಎನ್ನುತ್ತಾರೆ. ನಾನು ಮೂರು ಇಂಡೆಂಟ್ ಕಳಿಸಿದೆ. ಮೂರಕ್ಕೂ ಸ್ಟಾಕ್ ಇಲ್ಲ ಎಂಬ ಉತ್ತರ ಬಂತು. ನಾಲ್ಕನೆಯದನ್ನು ನಾನು ಕಳಿಸಲಿಲ್ಲ. ಬರೆದು ಬರೆದು ಸಾಕಾಗಿತ್ತು.

ಹಾಗಾಗಿ ರೋಗಿಗಳು ಮನೆಯಿಂದ ತಂದ ಬಾಟಲಿಗೇ ಎಲ್ಲವನ್ನೂ ತುಂಬಿಸುತ್ತಿದ್ದೆವು. ಅದು ಮದ್ರಾಸು ಸರಕಾರದ ಪಾನನಿರೋಧದ ಕಾಲ. ಬಾಟಲಿ ಹಿಡಿದುಕೊಂಡು ದಾರಿಯಲ್ಲಿ ಹೋದರೆ ಪೊಲೀಸನು ಕರೆದು ಮೂಸಿ ನೋಡುತ್ತಿದ್ದ. ಜನರು ಬಾಟಲಿಯನ್ನು ಉಟ್ಟ ಮುಂಡಿನ ಒಳಗೆ ಅಡಗಿಸಿ ತಂದು, ಕಳ್ಳರ ಹಾಗೆ ನನ್ನ ಕಿಟಕಿಯ ಮುಂದೆ ತೆಗೆಯುತ್ತಿದ್ದರು. ಎಲ್ಲವೂ ಒಂದೇ ತರದ ಚಪ್ಪಟೆ ಬಿಳಿ ಬಾಟಲಿಗಳು. ಅದರ ಮೇಲೆ ನಾನು ಚೆಂದದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಮಿಕ್ಸ್ಚರ್ ಅಥವಾ ಲಿನಿಮೆಂಟ್ ಎಂದು ಬರೆದು ಅಂಟಿಸುತ್ತಿದ್ದೆ. ಕನ್ನಡದಲ್ಲಿ ಯಾಕೆ ಬರೆಯಲಿಲ್ಲ ಎಂದು ಈಗ ನನ್ನನ್ನು ನಾನೇ ಕೇಳುತ್ತೇನೆ. ಕನ್ನಡ ಓದಲಿಕ್ಕೆ ಬರುವವರೂ ಆ ಊರಲ್ಲಿ ಕಡಿಮೆ ಎಂಬುದು ಒಂದು ನೆಪ. ನಿಜ ಹೇಳಬೇಕಾದರೆ ಇಂಗ್ಲಿಷ್ ಬರೆಯುವಾಗ ನನಗೆ ಒಂದು ಗತ್ತು ಬರುತ್ತಿತ್ತು, ಅಷ್ಟೇ.

ಓದಲು ಬಾರದವರಿಗಾಗಿ ನಾನು ಒಂದು ಉಪಾಯ ಮಾಡಿದ್ದೆ. ಹಚ್ಚುವ ಮದ್ದಿನ ಬಾಟಲಿಯ ಕುತ್ತಿಗೆಗೆ ಕಪ್ಪು ನೂಲು ಕಟ್ಟುವುದು. ಸಾದಾ ನೂಲಲ್ಲ, ನಾಲ್ಕು ಎಳೆ ಹೊಸೆದು, ಜೇನುಮೇಣ ತಿಕ್ಕಿ, ಒಂದೇ ಅಂತರದಲ್ಲಿ ಮೂರು ಗಂಟು ಹಾಕಿದ ನೂಲು. ಕಣ್ಣು ಕಾಣದ ಮುದುಕರೂ ಬೆರಳಿನಿಂದ ಮುಟ್ಟಿ ತಿಳಿದುಕೊಳ್ಳಲಿ ಎಂದು. ಕುಡಿಯುವ ಮದ್ದಿಗೆ ನೂಲಿಲ್ಲ. ಬಿಡುವಿನ ಹೊತ್ತಿನಲ್ಲಿ ಕೂತು ಡಜನುಗಟ್ಟಲೆ ನೂಲು ಹೊಸೆದು ಗೋಡೆಗೆ ತೂಗುಹಾಕುತ್ತಿದ್ದೆ. ಡಾಕ್ಟರು ನೋಡಿ, “ನೀನು ಪರವಾಗಿಲ್ಲ ಮಾರಾಯ, ಸರಕಾರಕ್ಕೆ ಹೊಳೆಯದ್ದು ನಿನಗೆ ಹೊಳೆಯಿತು” ಎಂದಿದ್ದರು. ನಾನು ನನ್ನ ಬೆನ್ನನ್ನು ನಾನೇ ಬೇಕಾದಷ್ಟು ತಟ್ಟಿಕೊಂಡೆ. ನೂಲು ಬಿಚ್ಚಿಹೋದರೆ ಆ ಬಾಟಲಿ ಕುಡಿಯುವ ಮದ್ದಿನ ಬಾಟಲಿಯೇ ಆಗಿಬಿಡುತ್ತದೆ ಎಂಬ ಸಣ್ಣ ವಿಚಾರ ಮಾತ್ರ ನನ್ನ ದೊಡ್ಡ ತಲೆಗೆ ಹೋಗಲಿಲ್ಲ.

ಐತಪ್ಪ ಎಂಬ ಹಿರಿಯರು ಡಿಸ್ಪೆನ್ಸರಿಗೆ ಆಗಾಗ ಬರುತ್ತಿದ್ದರು. ಮೊದಲು ತಾಳೆಮರ ಏರಿ ಕಳ್ಳು ಇಳಿಸುತ್ತಿದ್ದವರು. ಪಾನನಿರೋಧ ಬಂದ ಮೇಲೆ ಆ ಕೆಲಸ ಹೋಗಿ, ಐವತ್ತು ದಾಟಿದ ವಯಸ್ಸಿನಲ್ಲಿ ಕೆಂಪುಕಲ್ಲು ಕಡಿಯುವ ಕೋರೆಗೆ ಸೇರಿದ್ದರು. ಬೆನ್ನು ಹೋಗಿತ್ತು. ನಗುಮುಖದ ಮನುಷ್ಯ. “ಮರದಲ್ಲಿ ಇದ್ದವನನ್ನು ಸರಕಾರ ಗುಂಡಿಗೆ ಇಳಿಸಿತು ನೋಡಿ” ಎಂದು ತಮಾಷೆ ಮಾಡುತ್ತಿದ್ದರು.

ಆ ಚಳಿಗಾಲದ ಒಂದು ಬೆಳಿಗ್ಗೆ ಅವರು ಎರಡು ಬಾಟಲಿ ತಂದರು. ಒಂದು ತಮ್ಮ ಬೆನ್ನಿಗೆ. ಇನ್ನೊಂದು ಮಗಳು ಸುಂದರಿಗೆ. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದ ಅವಳು ಹೆಣ್ಣುಮಗು ಹೆತ್ತು ಒಂದು ವಾರವಾಗಿತ್ತು, ಕೆಮ್ಮು ಹಿಡಿದಿತ್ತು. ಡಾಕ್ಟರು ಎರಡು ಚೀಟಿ ಬರೆದರು. ಕೆಮ್ಮಿನ ಮಿಕ್ಸ್ಚರಿಗೂ ಕರ್ಪೂರದ ವಾಸನೆ, ಲಿನಿಮೆಂಟಿಗೂ ಕರ್ಪೂರದ ವಾಸನೆ. ಎರಡನ್ನೂ ತುಂಬಿ, ಚೀಟಿ ಅಂಟಿಸಿ, ಒಂದಕ್ಕೆ ನೂಲು ಕಟ್ಟಿ ಕಿಟಕಿಯಲ್ಲಿಟ್ಟೆ.

“ಐತಪ್ಪಣ್ಣ, ನೂಲು ಇರುವುದು ನಿಮ್ಮ ಬೆನ್ನಿಗೆ. ಹಚ್ಚಲಿಕ್ಕೆ ಮಾತ್ರ. ಬಾಯಿಗೆ ಹಾಕಿದರೆ ಜೀವ ಉಳಿಯಲಿಕ್ಕಿಲ್ಲ. ನೂಲಿಲ್ಲದ್ದು ಮಗಳಿಗೆ ಕುಡಿಯಲಿಕ್ಕೆ.”

ಅವರು ಬೆರಳಿನಿಂದ ಗಂಟು ಎಣಿಸಿ ನೋಡಿದರು. “ಮೂರು ಗಂಟು. ಗೊತ್ತಾಯಿತು ಸ್ವಾಮಿ. ಕಣ್ಣು ಮುಚ್ಚಿಯೂ ಹೇಳ್ತೇನೆ.”

ಅವರಿಗೆ ಗೊತ್ತಾಗಿತ್ತು. ಅದರಲ್ಲಿ ಸಂಶಯ ಇಲ್ಲ. ಆದರೆ ಮನೆಯಲ್ಲಿ ಮದ್ದು ಕುಡಿಸುವವರು ಅವರಲ್ಲ, ಅವರ ಹೆಂಡತಿ ಮುತ್ತಕ್ಕ. ಐತಪ್ಪಣ್ಣ ಮನೆಗೆ ಹೋಗಿ ತಮ್ಮ ಬಾಟಲಿಯನ್ನು ತಾವು ಮಲಗುವ ಚಾವಡಿಯ ಮೊಳೆಗೂ, ಮಗಳ ಬಾಟಲಿಯನ್ನು ಒಲೆಯ ಪಕ್ಕದ ಮೊಳೆಗೂ ತೂಗುಹಾಕಿದರು. “ಇದು ನನ್ನದು, ಅದು ಅವಳದ್ದು” ಎಂದರು. ಬೇರೆ ಬೇರೆ ಮೊಳೆಯಲ್ಲಿ ಇದ್ದ ಮೇಲೆ ನೂಲಿನ ವಿಷಯ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಕೇಳಿ ತಿಳಿಯಬೇಕಾದವರನ್ನು ಕರೆಸಿ ಹೇಳಬೇಕೆಂದು ನನಗೂ ಕಾಣಲಿಲ್ಲ.

ನಾಲ್ಕೈದು ದಿನದ ಮೇಲೆ ಆ ಮನೆಯಲ್ಲಿ ಅಮೆ ಕಳೆಯುವ ದಿನ ಬಂತು. ಅಮೆ ಎಂದರೆ ಹೆರಿಗೆಯ ಮೈಲಿಗೆ. ಆ ದಿನ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ನೆಲ ಸಾರಿಸಿ, ತಾಯಿ ಮಗುವನ್ನು ಮೀಯಿಸಿ ಶುದ್ಧ ಮಾಡುವುದು ನಮ್ಮ ಕಡೆಯ ಕ್ರಮ. ಮೀಯಿಸಿದ ಮಗುವನ್ನು ಹೊರಗೆ ತರುವ ಮೊದಲು ದೃಷ್ಟಿಯಾಗದ ಹಾಗೆ ಕೈಗೆ ಕಪ್ಪು ನೂಲು ಕಟ್ಟಬೇಕು. ತಂದಿಟ್ಟಿದ್ದ ನೂಲು ಗಡಿಬಿಡಿಯಲ್ಲಿ ಎಲ್ಲಿಯೋ ಹೋಗಿತ್ತು. ಅಂಗಡಿ ಎರಡು ಮೈಲಿ ದೂರ. ಮುತ್ತಕ್ಕ ಸುತ್ತ ನೋಡಿದರು. ಅಂಗಳದಲ್ಲಿಟ್ಟ ಸಾಮಾನಿನ ನಡುವೆ ಒಂದು ಬಾಟಲಿಯ ಕುತ್ತಿಗೆಯಲ್ಲಿ ಗಟ್ಟಿಯಾದ, ಹೊಳೆಯುವ ಕಪ್ಪು ನೂಲು ಕಂಡಿತು. ಆಸ್ಪತ್ರೆಯಿಂದ ಬಂದದ್ದು, ಒಳ್ಳೆಯದೇ ಇರಬೇಕು ಎಂದು ಬಿಚ್ಚಿ ಮೊಮ್ಮಗಳ ಕೈಗೆ ಕಟ್ಟಿದರು. ಸಂಜೆ ಸಾಮಾನು ಒಳಗೆ ಹೋಗುವಾಗ ಎರಡೂ ಬಾಟಲಿ ಒಲೆಯ ಪಕ್ಕದ ಒಂದೇ ಮೊಳೆಗೆ ಹೋದವು. ಕುಡಿಯುವ ಬಾಟಲಿಗೆ ಡೋಸು ತಿಳಿಯಲು ಕತ್ತರಿಸಿ ಅಂಟಿಸಿದ್ದ ಕಾಗದದ ಪಟ್ಟಿ ಆಗಲೇ ಒಲೆಯ ಹಬೆಗೆ ಕಳಚಿ ಬಿದ್ದಿತ್ತು. ಹೆಸರಿನ ಚೀಟಿಗಳು ಮಾತ್ರ ಭದ್ರವಾಗಿ ಇದ್ದವು. ಅದನ್ನು ಓದಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ನಾನು ಡಿಸ್ಪೆನ್ಸರಿಯ ಬಾಗಿಲು ತೆರೆದು ಔನ್ಸ್ ಗ್ಲಾಸು ತೊಳೆಯುತ್ತಿದ್ದೆ. ಹಳ್ಳದ ಮೇಲಿನ ಕಾಲುಸಂಕದ ಆಚೆಯಿಂದ ಜನ ಓಡಿ ಬರುವುದು ಕಾಣಿಸಿತು. ಕುರ್ಚಿಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಹೊತ್ತಿದ್ದರು. ಕುರ್ಚಿಯಲ್ಲಿ ಸುಂದರಿ. ಹಿಂದಿನಿಂದ ಮಗುವನ್ನು ಎತ್ತಿಕೊಂಡು ಮುತ್ತಕ್ಕ. ಸುಂದರಿಗೆ ವಾಂತಿ ನಿಲ್ಲುತ್ತಿರಲಿಲ್ಲ. ಬಾಯಿ, ನಾಲಿಗೆ, ಕೈಬೆರಳು ಎಲ್ಲ ಜುಮುಗುಟ್ಟಿ ಮರಗಟ್ಟಿದೆ ಎನ್ನುತ್ತಿದ್ದಳು. ಡಾಕ್ಟರು ನಾಡಿ ಹಿಡಿದವರು ನನ್ನ ಮುಖ ನೋಡಿದರು. ಅವರು ಬಾಯಿಬಿಟ್ಟು ಹೇಳುವ ಮೊದಲೇ ನನಗೆ ತಿಳಿಯಿತು.

ಹೊಟ್ಟೆ ತೊಳೆದೆವು. ಇದ್ದ ಇಂಜೆಕ್ಷನ್ ಕೊಟ್ಟೆವು. ಮಂಗಳೂರಿಗೆ ಸಾಗಿಸೋಣ ಎಂದರೆ ಬಸ್ಸು ಬರಲು ಇನ್ನೂ ಎರಡು ತಾಸು. ಅವಳಿಗೆ ಕೊನೆಯವರೆಗೂ ಪ್ರಜ್ಞೆ ಇತ್ತು. ಅದೇ ಘೋರ. “ಅಮ್ಮ, ಮಗುವಿಗೆ ಚಳಿ ಆಗ್ತದೆ, ಸರಿ ಹೊದೆಸು” ಎಂದಳು. ಹತ್ತು ಗಂಟೆ ಹೊಡೆಯುವ ಮೊದಲು ತೀರಿಕೊಂಡಳು. ಅವಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಮುತ್ತಕ್ಕ ಅಳಲಿಲ್ಲ. ಗೋಡೆಗೆ ಒರಗಿ ಕೂತು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. “ಮದ್ದು ಖಾರ ಉಂಟು ಅಂತ ಹೇಳಿದಳು. ಖಾರ ಇದ್ದರೆ ಒಳ್ಳೇದು, ಕಣ್ಣು ಮುಚ್ಚಿ ಕುಡಿ ಮಗಾ ಅಂತ ನಾನೇ ಬಾಯಿಗೆ ಹಿಡಿದೆ. ನಾನೇ ಹಿಡಿದೆ.” ಆ ಹೊತ್ತಿಗೆ ಮಗು ಕೈ ಆಡಿಸಿ ಬಟ್ಟೆಯನ್ನು ಸರಿಸಿತು. ನನ್ನ ಹೆಬ್ಬೆರಳಿನಷ್ಟೂ ದಪ್ಪ ಇಲ್ಲದ ಆ ಕೈಗೆ ಎರಡು ಸುತ್ತು ಕಪ್ಪು ನೂಲು. ಮೇಣದ ಹೊಳಪು. ಮೂರು ಗಂಟು.

ದೇವರೇ! ಅದು ನಾನು ಹೊಸೆದ ನೂಲು. ಕೋರೆಯಿಂದ ಓಡಿಬಂದ ಐತಪ್ಪಣ್ಣ ಬಾಗಿಲಲ್ಲಿ ನಿಂತಿದ್ದರು, ಮೈಯೆಲ್ಲ ಕೆಂಪು ಧೂಳು. ಅವರೂ ಮಗುವಿನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿದೆ. ಅವರೂ ಬಗ್ಗಿಸಿದರು.

ಪೊಲೀಸರು ಬಂದರು, ಪಂಚನಾಮೆ ಆಯಿತು. ಎರಡು ವಾರದ ಮೇಲೆ ಮೇಲಿನಿಂದ ಒಬ್ಬ ವೈದ್ಯಾಧಿಕಾರಿ ವಿಚಾರಣೆಗೆ ಬಂದರು. ಮೇಜಿನ ಮೇಲೆ ಎರಡೂ ಬಾಟಲಿಗಳನ್ನು ಇಟ್ಟಿದ್ದರು. ಹಸಿರು ಬಾಟಲಿ ಯಾಕಿಲ್ಲ ಎಂದು ಕೇಳಿದರು. ನಾನು ಮೂರು ಇಂಡೆಂಟಿನ ನಕಲು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಚೀಟಿಗಳನ್ನು ಓದಿದರು.

“ಇದು ನಿಮ್ಮ ಅಕ್ಷರವೋ?”

“ಹೌದು ಸರ್.”

“ಅಕ್ಷರ ಚೆನ್ನಾಗಿ ಉಂಟು. ಒಂದರಲ್ಲಿ ಮಿಕ್ಸ್ಚರ್, ಇನ್ನೊಂದರಲ್ಲಿ ಲಿನಿಮೆಂಟ್ ಅಂತ ಸ್ಪಷ್ಟ ಬರೆದಿದ್ದೀರಿ. ಈ ಎರಡು ಶಬ್ದಕ್ಕೆ ಅರ್ಥ ಏನು, ಯಾವುದನ್ನು ಎಲ್ಲಿ ಉಪಯೋಗಿಸುವುದು, ವ್ಯತ್ಯಾಸ ಏನು ಅಂತ ಒಂದು ಟಿಪ್ಪಣಿ ಬರೆದು ಕೊಡಿ. ಫೈಲಿಗೆ ಬೇಕು.”

ಬರೆದೆ. ಪಕ್ಕದ ಕೋಣೆಯಲ್ಲಿ ಕೂತು ಒಂದೂವರೆ ಪುಟ ಇಂಗ್ಲಿಷಿನಲ್ಲಿ ಬರೆದೆ. ಒಂದು ಶಬ್ದದ ಮೂಲ ಬೆರೆಸುವುದು, ಇನ್ನೊಂದರ ಮೂಲ ಬಳಿಯುವುದು. ಒಂದು ಬಾಯಿಯ ಮೂಲಕ, ಇನ್ನೊಂದು ಚರ್ಮದ ಮೇಲೆ. ಒಂದಕ್ಕೆ ಅಳತೆಯ ಡೋಸು ಉಂಟು, ಇನ್ನೊಂದಕ್ಕೆ ಡೋಸು ಎಂಬುದೇ ಇಲ್ಲ. ಈ ಎರಡನ್ನು ಅರಿತವನು ಯಾವ ಸಂದರ್ಭದಲ್ಲೂ ಒಂದರ ಬದಲಿಗೆ ಇನ್ನೊಂದನ್ನು ತೆಗೆದುಕೊಳ್ಳಲಾರ. ಜೀವಮಾನದಲ್ಲಿ ನಾನು ಬರೆದ ಅತ್ಯುತ್ತಮ ಇಂಗ್ಲಿಷ್ ಅದು. ಒಂದು ಚಿತ್ತು ಕಾಟು ಇಲ್ಲ, ಒಂದು ತಪ್ಪು ಇಲ್ಲ. ಅದರಲ್ಲಿ ನೂಲು ಎಂಬ ಶಬ್ದವೂ ಇಲ್ಲ.

ನೂಲಿನ ವಿಷಯ ಯಾಕೆ ಬರೆಯಲಿಲ್ಲ? ನಿಯಮದಲ್ಲಿ ಇಲ್ಲದ ಗುರುತನ್ನು ಸ್ವಂತ ಬುದ್ಧಿಯಿಂದ ಮಾಡಿ, ಕನ್ನಡದಲ್ಲಿ ಎರಡು ಶಬ್ದ ಬರೆಯುವ ಕೆಲಸವನ್ನು ಆ ಗುರುತಿಗೆ ಬಿಟ್ಟಿದ್ದೆ ಎಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಹೆಂಡತಿ ಆಗ ಐದು ತಿಂಗಳ ಬಸುರಿ. ಹೀಗೆಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಡಾಕ್ಟರೂ ನೂಲಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ ನೂಲಿನ ಕಟ್ಟನ್ನು ವಿಚಾರಣೆಯ ಮೊದಲೇ ನಾನು ಒಲೆಗೆ ಹಾಕಿಯಾಗಿತ್ತು. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಂಡ. ನಾನು ಅದನ್ನೂ ಮಾಡಲಿಲ್ಲ.

ಐತಪ್ಪಣ್ಣನನ್ನು ಒಳಗೆ ಕರೆದು ಕೇಳಿದರು. “ಕಂಪೌಂಡರು ನಿಮಗೆ ಸರಿಯಾಗಿ ಹೇಳಿದ್ದರೋ?”

“ಹೇಳಿದ್ದರು ಸ್ವಾಮಿ. ಒಂದು ಬೆನ್ನಿಗೆ, ಒಂದು ಮಗಳಿಗೆ ಅಂತ ಹೇಳಿದ್ದರು.” ಅಷ್ಟೇ ಹೇಳಿದರು. ಗುರುತು ಏನಾದರೂ ಇತ್ತೋ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುತ್ತಕ್ಕನನ್ನು ಕರೆದಾಗ ಅಧಿಕಾರಿಗಳು ಬಾಟಲಿ ಎತ್ತಿ ತೋರಿಸಿ, “ಇಷ್ಟು ದೊಡ್ಡದಾಗಿ ಬರೆದಿದೆಯಲ್ಲ, ಯಾರ ಹತ್ತಿರವಾದರೂ ಓದಿಸಬಾರದಿತ್ತೋ?” ಎಂದರು. ಮುತ್ತಕ್ಕ ಬಾಟಲಿಯನ್ನು ನೋಡಲೂ ಇಲ್ಲ. “ತಪ್ಪು ನನ್ನದೇ ಸ್ವಾಮಿ” ಎಂದರು. ಮನೆಯವರ ಅಜಾಗರೂಕತೆ ಎಂದು ವರದಿಯಾಯಿತು. ನನ್ನ ಟಿಪ್ಪಣಿ ಬಹಳ ಸ್ಪಷ್ಟವಾಗಿದೆ ಎಂದು ಅಧಿಕಾರಿಗಳು ಹೊಗಳಿ ಹೋದರು. ಸಾಯುವವರೆಗೂ ಮರೆಯಲಾಗದ ಹೊಗಳಿಕೆ.

ಊರಿನಲ್ಲಿ ಮುತ್ತಕ್ಕನಿಗೆ ಮಗಳಿಗೆ ವಿಷ ಕುಡಿಸಿದವಳು ಎಂಬ ಹೆಸರು ಬಂತು. ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಹಿಂದಿನಿಂದ ಎಲ್ಲರೂ ಹೇಳುತ್ತಿದ್ದರು. ನನಗೆ ಕೇಳಿಸುತ್ತಿತ್ತು. ಆರು ತಿಂಗಳಲ್ಲಿ ಮೂಡಬಿದ್ರೆಗೆ ವರ್ಗವಾಯಿತು, ಊರಿನ ಹತ್ತಿರ ಬಂದೆ ಎಂದು ಮನೆಯವರೆಲ್ಲ ಸಂತೋಷಪಟ್ಟರು. ಅಲ್ಲಿ ಮೊದಲ ದಿನದಿಂದ ಪ್ರತಿ ಬಾಟಲಿಯ ಮೇಲೆ ಇಂಗ್ಲಿಷಿನ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕುಡಿಯಲು’ ಅಥವಾ ‘ಹಚ್ಚಲು, ವಿಷ’ ಎಂದು ಕನ್ನಡದಲ್ಲಿ ಬರೆಯತೊಡಗಿದೆ. ಹಚ್ಚುವ ಮದ್ದನ್ನು ಮನೆಯಲ್ಲಿ ಮದ್ದು ಕೊಡುವವರ ಕೈಗೇ ಕೊಡುತ್ತಿದ್ದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

1966ರಲ್ಲಿ ನಾನು ಬಂಟ್ವಾಳದ ಕಡೆ, ಪಾಣೆಮಂಗಳೂರಿಗೆ ಹತ್ತಿರದ ಒಂದು ಡಿಸ್ಪೆನ್ಸರಿಯಲ್ಲಿದ್ದೆ. ಒಂದು ಬೆಳಿಗ್ಗೆ ಶಾಲೆಗೆ ಹೊರಟ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಎರಡು ಬಾಟಲಿ ಹಿಡಿದು ಬಂದಳು. ಅಜ್ಜಿಗೆ ಮೊಣಕಾಲು ನೋವು, ತನಗೆ ಕೆಮ್ಮು. ಎರಡಕ್ಕೂ ಚೀಟಿ ಅಂಟಿಸಿ ಕಿಟಕಿಯಲ್ಲಿಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು. ಆರನೆಯ ಕ್ಲಾಸಂತೆ, ಇಂಗ್ಲಿಷ್ ಆಗಷ್ಟೇ ಶುರುವಾಗಿತ್ತು.

“ಮಿಕ್ಸ್ಚರ್ ಅಂದರೆ ಎಂತ? ಲಿನಿಮೆಂಟ್ ಅಂದರೆ ಎಂತ?”

“ಕೆಳಗೆ ಕನ್ನಡದಲ್ಲಿ ಉಂಟಲ್ಲ ಮಗಾ. ಒಂದು ಕುಡಿಯಲಿಕ್ಕೆ, ಒಂದು ಹಚ್ಚಲಿಕ್ಕೆ.”

“ಕನ್ನಡದಲ್ಲಿ ಬರೆದ ಮೇಲೆ ಇಂಗ್ಲಿಷ್ ಯಾಕೆ?”

“ಅದು ಸರಕಾರಕ್ಕೆ. ಇದು ನಿಮಗೆ.”

ಅವಳು ನಕ್ಕಳು. ಹಚ್ಚುವ ಮದ್ದನ್ನು ಮಕ್ಕಳ ಕೈಗೆ ಕೊಡುವುದಿಲ್ಲ, ಅಜ್ಜಿಯನ್ನೇ ಕರೆದುಕೊಂಡು ಬಾ ಎಂದೆ. “ಅಜ್ಜಿ ಬರುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಮದ್ದಿನ ಬಾಟಲಿ ಮುಟ್ಟುವುದೂ ಇಲ್ಲ, ನಾನೇ ಹಚ್ಚಬೇಕು” ಎಂದಳು. ಹಾಗೆಯೇ ಮಾತು ಮುಂದುವರಿಸಿ, “ಅಜ್ಜಿ ಯಾರಿಗೂ ಕೈಯಾರೆ ಕುಡಿಯಲಿಕ್ಕೆ ಏನೂ ಕೊಡುವುದಿಲ್ಲ. ನೆಂಟರು ಬಂದರೆ ಬೆಲ್ಲ, ನೀರಿನ ಚೊಂಬು ತೋರಿಸಿ ತಕ್ಕೊಳ್ಳಿ ಅಂತಾರೆ. ನನಗೂ ಹಾಗೇ” ಎಂದಳು. ನಮ್ಮ ಕಡೆ ಮನೆಗೆ ಬಂದವರ ಕೈಗೆ ಬೆಲ್ಲ ನೀರು ಕೊಡದೆ ಮಾತು ಶುರುವಾಗುವುದಿಲ್ಲ. ನಾನು ರಿಜಿಸ್ಟರು ತೆರೆದು ಹೆಸರು ಕೇಳಿದೆ. ಹುಡುಗಿ ವಾರಿಜ. ಅಜ್ಜಿ ಮುತ್ತಕ್ಕ. ಮೊದಲಿನ ಊರು ಯಾವುದೆಂದು ಕೇಳಿದಾಗ ಅವಳು ಹೇಳಿದ ಹೆಸರು ನಾನು ಇಲ್ಲಿ ಬರೆಯದೆ ಬಿಟ್ಟದ್ದು.

ಅವಳಿಗೆ ಕೆಮ್ಮಿನ ಬಾಟಲಿ ಮಾತ್ರ ಕೊಟ್ಟು ಕಳಿಸಿದೆ. ಆ ದಿನ ಮಧ್ಯಾಹ್ನ ಡಿಸ್ಪೆನ್ಸರಿ ಮುಚ್ಚಿದ ಮೇಲೆ ಲಿನಿಮೆಂಟ್ ಬಾಟಲಿ ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ. ಹನ್ನೊಂದು ವರ್ಷ ಒಬ್ಬಳು ತನ್ನ ಕೈಗೇ ಹೆದರಿಕೊಂಡು ಬದುಕಿದ್ದಾಳೆ. ತಪ್ಪು ನನ್ನದು ಎಂದು ಹೇಳಿಬಿಟ್ಟರೆ ಆ ಕೈ ಹಗುರಾದೀತು ಎಂದೇ ನಂಬಿದ್ದೆ. ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ, ಹೋದದ್ದು ಒಳ್ಳೆಯದಾಗಲಿ ಎಂದೇ.

ಮುತ್ತಕ್ಕ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಐತಪ್ಪಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಅಳಿಯ ಬೇರೆ ಮದುವೆಯಾಗಿ ಬೊಂಬಾಯಿ ಸೇರಿದ್ದ. ಅವರು ಮೊಮ್ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯ ಪಕ್ಕ ಸಣ್ಣ ಬಿಡಾರದಲ್ಲಿದ್ದರು. ನನ್ನ ಗುರುತು ಹಿಡಿದರು. “ಕಂಪೌಂಡರಲ್ವಾ? ಕೂತುಕೊಳ್ಳಿ. ಬೆಲ್ಲ ನೀರು ಅಲ್ಲುಂಟು” ಎಂದು ಮೂಲೆ ತೋರಿಸಿದರು.

ನಾನು ನಿಂತೇ ಹೇಳಿದೆ. “ಮುತ್ತಕ್ಕ, ಅಂದು ತಪ್ಪು ನಿಮ್ಮದಲ್ಲ. ನನ್ನದು. ನಾನು ಕನ್ನಡದಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ. ವಿಷದ ಬಾಟಲಿಗೆ ಗುರುತು ಅಂತ ಒಂದು ಕಪ್ಪು ನೂಲು ಕಟ್ಟಿ ಕೊಟ್ಟೆ. ಅದನ್ನೇ ನಂಬಿಕೊಂಡೆ. ಆಮೇಲೆ ಹೆದರಿ ಯಾರಿಗೂ ಹೇಳಲಿಲ್ಲ.”

ಅವರ ಕೈ ನಿಂತಿತು. “ಯಾವ ನೂಲು?”

ಆ ಪ್ರಶ್ನೆ ಕೇಳಿದಾಗ ನನಗೆ ಹೊಳೆಯಿತು, ಎಂಥ ಕೆಲಸ ಮಾಡಿಬಿಟ್ಟೆ ಎಂದು. ಅಷ್ಟು ವರ್ಷ ಅವರು ತಿಳಿದದ್ದು ಬಾಟಲಿ ಅದಲುಬದಲಾಯಿತು ಎಂದು ಮಾತ್ರ. ನೂಲು ಅವರ ಲೆಕ್ಕದಲ್ಲೇ ಇರಲಿಲ್ಲ. ನಾನು ಮಾತು ತಿರುಗಿಸಲು ನೋಡಿದೆ, ಅಷ್ಟರಲ್ಲಿ ಅವರಿಗೆ ನೆನಪು ಬಂದಿತ್ತು.

“ಮೂರು ಗಂಟಿನದ್ದಾ? ಮಗುವಿನ ಕೈಗೆ ಕಟ್ಟಿದ್ದಾ?” ತಮ್ಮ ಎರಡೂ ಕೈಯನ್ನು ಮುಂದೆ ಹಿಡಿದು ನೋಡಿಕೊಂಡರು. “ಬಿಚ್ಚಿದ್ದೂ ನಾನೇ ಅಲ್ವಾ ಸ್ವಾಮಿ? ಕುಡಿಸಿದ್ದೂ ನಾನೇ, ಬಿಚ್ಚಿದ್ದೂ ನಾನೇ.”

“ನಿಮಗೆ ಯಾರೂ ಹೇಳಿರಲಿಲ್ಲ ಮುತ್ತಕ್ಕ. ಗೊತ್ತಿಲ್ಲದೆ ಆದದ್ದು.”

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೆಲ್ಲನೆ ಹೇಳಿದರು. “ಅದಕ್ಕೇ ಮಗುವಿನ ಅಜ್ಜ ಆ ದಿನ ಮನೆಗೆ ಬಂದ ಕೂಡಲೆ ಮಗುವಿನ ಕೈಯ ನೂಲು ಕತ್ತರಿಸಿ ಬೆಂಕಿಗೆ ಹಾಕಿದ್ದು. ತಾಯಿ ಇಲ್ಲದ ಮಗುವಿನ ಮೈಯಿಂದ ದೃಷ್ಟಿನೂಲು ತೆಗೆಯುವುದಾ ಅಂತ ನಾನು ಬಾಯಿಗೆ ಬಂದ ಹಾಗೆ ಬೈದೆ. ಎಂಟು ವರ್ಷ ಒಟ್ಟಿಗೆ ಇದ್ದರು, ಒಂದು ಮಾತು ಹೇಳಲಿಲ್ಲ.”

ಆಗ ಅರ್ಥವಾಯಿತು. ವಿಚಾರಣೆಯ ದಿನ ಐತಪ್ಪಣ್ಣ ಬಾಯಿ ಮುಚ್ಚಿದ್ದು ಹೆಂಡತಿಯನ್ನು ಉಳಿಸಲಿಕ್ಕೆ. ನಾನೂ ಅದಕ್ಕೇ ಸುಮ್ಮನಿದ್ದೇನೆ ಎಂದು ಆ ಪುಣ್ಯಾತ್ಮ ತಿಳಿದಿರಬೇಕು. ಎಂಟು ವರ್ಷ ಅವರು ಎದೆಯಲ್ಲಿಟ್ಟು ಕಾಪಾಡಿ, ಜೊತೆಗೆ ಚಿತೆಗೆ ಒಯ್ದದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ತಂದು ಆಕೆಯ ಮಡಿಲಿಗೆ ಸುರಿದೆ.

ಹೊರಡುವ ಮೊದಲು ಇನ್ನೊಂದು ಹುಚ್ಚುತನ ಮಾಡಿದೆ. “ಬಾಯಾರಿಕೆ ಆಗ್ತದೆ ಮುತ್ತಕ್ಕ. ನಿಮ್ಮ ಕೈಯಿಂದಲೇ ಒಂದು ಲೋಟ ನೀರು ಕೊಡಿ” ಎಂದೆ. ಅವರು ಕೈ ಎರಡನ್ನೂ ಸೆರಗಿನ ಒಳಗೆ ಎಳೆದುಕೊಂಡರು. “ಅಲ್ಲುಂಟು ಸ್ವಾಮಿ. ತಕ್ಕೊಳ್ಳಿ” ಎಂದರು. ನಾನೇ ಬಗ್ಗಿಸಿ ಕುಡಿದೆ. ಲಿನಿಮೆಂಟ್ ಬಾಟಲಿಯನ್ನು ಊಟಕ್ಕೆ ಶಾಲೆಯಿಂದ ಬಂದ ವಾರಿಜಳ ಕೈಗೆ ಕೊಡಬೇಕಾಯಿತು.

ಮುಂದೆ ಎಷ್ಟೋ ವರ್ಷ ಕೆಲಸ ಮಾಡಿ ನಿವೃತ್ತನಾದೆ. ಮದ್ದಿನ ಹೆಸರು ಬರೆಯುವುದು ಬರೆಯುವವನ ರಕ್ಷಣೆಗಲ್ಲ, ಕುಡಿಯುವವರ ರಕ್ಷಣೆಗೆ ಎಂದು ಹೊಸದಾಗಿ ಬಂದ ಕಂಪೌಂಡರುಗಳಿಗೆಲ್ಲ ಹೇಳಿಕೊಟ್ಟೆ. ಅದು ಯಾರಾದರೂ ಕಲಿಸಬಹುದಾದ ಪಾಠ. ಈ ಕೆಲಸ ನನಗೆ ಕಲಿಸಿದ ಇನ್ನೊಂದು ಪಾಠ ಉಂಟು. ತಪ್ಪನ್ನು ಆ ದಿನವೇ, ಆ ಮೇಜಿನ ಮುಂದೆಯೇ ಹೇಳಬೇಕು. ಅಂದು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹನ್ನೊಂದು ವರ್ಷ ಬಿಟ್ಟು ಹೇಳಿದಾಗ ನನ್ನದೆಂಬುದು ಏನೂ ಹೋಗಲಿಲ್ಲ. ಅಂದು ರಾತ್ರಿ ನನಗೆ ನಿದ್ದೆಯೂ ಬಂತು. ಮುತ್ತಕ್ಕನ ಬಗ್ಗೆ ವಾರಿಜ ಆಮೇಲೊಂದು ಸಲ ಹೇಳಿದ್ದು ಇಷ್ಟು: ಅಜ್ಜಿ ಈಗ ನೀರಿನ ಚೊಂಬನ್ನೂ ಮುಟ್ಟುವುದಿಲ್ಲ, ಬಾವಿಯಿಂದ ನಾನೇ ತಂದಿಡಬೇಕು.